ಕೆಳಗಿನ ಮನೇಲಿ ದಿನಾ ಸಂಜೆ ಹುಡುಗಂಗೆ ಹೊಡೀತಾರೆ, ನಾವು ಮೇಲೆ ಬಾಡಿಗೆಗೆ ಇರೋರು, ಏನ್ ಮಾಡೋದು?

ಮಹಡಿಮನೆ
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇವತ್ತೇ ಮೊದಲು. ನಾವು ಶಿವಮೊಗ್ಗ ವಿನೋಬನಗರದಲ್ಲಿ ಮಹಡಿ ಮೇಲೆ ಬಾಡಿಗೆಗೆ ಇದೀವಿ, ಎರಡು ವರ್ಷ ಆಯ್ತು, ಓನರ್ ಕೆಳಗೇ ಇರೋದು. ಒಳ್ಳೆ ಜನಾನೇ, ನೀರಿಗೆ ಕರೆಂಟಿಗೆ ಒಂದಿನ ತಕರಾರು ಮಾಡಿದೋರಲ್ಲ, ಯುಗಾದಿಗೆ ಒಬ್ಬಟ್ಟು ಕಳಿಸ್ತಾರೆ. ಅವ್ರ ಮಗ ಆರನೇ ಕ್ಲಾಸು. ಹೋದ ವರ್ಷ ನವೋದಯ ಪರೀಕ್ಷೆ ಬರೆದಿದ್ದ, ಸಿಗಲಿಲ್ಲ. ಅವ್ನ ಚಿಕ್ಕಪ್ಪನ ಮಗಂಗೆ ಸಿಕ್ತು, ಆ ಹುಡುಗ ಈಗ ಗಾಜನೂರಲ್ಲಿ ಓದ್ತಿದಾನೆ. ಅಲ್ಲಿಂದ ಶುರುವಾಗಿದ್ದು ಇದು.

ದಿನಾ ಸಂಜೆ ಏಳು ಏಳೂವರೆಗೆ ಪುಸ್ತಕ ತಗೊಂಡು ಕೂರಿಸ್ತಾರೆ. ಲೆಕ್ಕ ತಪ್ಪಿದ್ರೆ ಹೊಡೆತ. ಮೊದಲು ಸ್ಕೇಲು ಇತ್ತು, ಈಗ ಬೆಲ್ಟು. ಹೊಡೆಯೋಕೆ ಮುಂಚೆ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ, ನಮಗೆ ಕೇಳ್ಬಾರ್ದು ಅಂತ. ಈಗ ಹೆಂಗಾಗಿದೆ ಅಂದ್ರೆ ಕೆಳಗೆ ಟಿವಿ ಸೌಂಡ್ ಜಾಸ್ತಿ ಆದ ತಕ್ಷಣ ನನ್ನ ನಾಲ್ಕು ವರ್ಷದ ಮಗಳು ಓಡಿ ಬಂದು ನನ್ನ ಸೆರಗು ಹಿಡ್ಕೊಳ್ತಾಳೆ.

ಹೊಡೆತಕ್ಕಿಂತ ನಂಗೆ ತಡ್ಕೊಳೋಕಾಗದೇ ಇರೋದು ಇನ್ನೊಂದಿದೆ. ಆ ಮಗೂನ ಹೆಸರು ಹಿಡಿದು ಕರೆಯೋದನ್ನೇ ಬಿಟ್ಟಿದಾರೆ. "ಏ ವೇಯ್ಟಿಂಗ್ ಲಿಸ್ಟು, ಊಟಕ್ಕೆ ಬಾ." "ವೇಯ್ಟಿಂಗ್ ಲಿಸ್ಟು, ಗೇಟ್ ಹಾಕು." ನೆಂಟರು ಬಂದಾಗ್ಲೂ ಹಂಗೇ ಕರೀತಾರೆ, ಎಲ್ರೂ ನಗ್ತಾರೆ, ಅವ್ನೂ ನಗ್ತಾನೆ.

ನಮ್ಮೆಜಮಾನ್ರು ನಮಗ್ಯಾಕೆ ಊರ ಉಸಾಬರಿ, ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋದು ಅಂತಾರೆ. ಏನ್ ಮಾಡ್ಲಿ ಹೇಳಿ.

ಉಂಬಳ
ನಿಮ್ಮೆಜಮಾನ್ರು ಹೇಳಿದ್ದೇ ಸರಿ. ಅವ್ರ ಮಗ, ಅವ್ರ ಮನೆ.

ಮಳೆಹುಳ
@ಉಂಬಳ ಹೆಸರಿಗೆ ತಕ್ಕ ಹಂಗೇ ಕಚ್ಕೊಂಡ್ರಿ ನೋಡಿ. ಅವ್ರ ಮಗ ಅಂದ್ರೆ ಅವ್ರ ಎತ್ತು ಅಂತ ಅರ್ಥಾನಾ? ಎತ್ತಿಗೆ ಹಂಗೆ ಹೊಡೆದ್ರೂ ನಮ್ಮೂರಲ್ಲಿ ನಾಲ್ಕು ಜನ ಬೈತಾರೆ.

ಭದ್ರಾವತಿ_ಹುಡ್ಗ
ನಾವೆಲ್ಲ ಹೊಡೆತ ತಿಂದೇ ದೊಡ್ಡವರಾಗಿದ್ದು ಸ್ವಾಮಿ. ಅಪ್ಪ ಹೊಡೆದ್ರೆ ಅಮ್ಮನ ಹತ್ರ ಓಡೋದು, ಅಮ್ಮ ಎಂತಕ್ಕೆ ಹೊಡೆದ್ರು ಅಂತ ಕೇಳಿ ಅವ್ಳೂ ಎರಡು ಬಿಡೋಳು. ಈಗ ನಾನು ಸರಿಯಾಗೇ ಇದೀನಲ್ಲ.

ಲಕ್ಕಿಬರ್ಲು
ನನ್ನ ಹೆಸರು ನೋಡಿದ್ರೆ ಗೊತ್ತಾಗತ್ತಲ್ಲ ನಾನು ಎಂತದ್ರಲ್ಲಿ ತಿಂದಿದ್ದು ಅಂತ 😄 ನಮ್ಮನೆ ಬೇಲಿ ಪೂರ್ತಿ ಲಕ್ಕಿ ಗಿಡ. ಹೊಡೆಸ್ಕೊಳೋನೇ ಹೋಗಿ ಬರ್ಲು ಮುರ್ಕೊಂಡು ಬರ್ಬೇಕು, ಸಣ್ಣದು ತಂದ್ರೆ ಅದಕ್ಕೆ ಬೇರೆ ಲೆಕ್ಕ.

ತೀರ್ಥಳ್ಳಿ_ತಮ್ಮ
ಲಕ್ಕಿ ಎಲ್ಲ ಏನೂ ಅಲ್ಲ ಮಾರಾಯ, ಹುಣಸೆ ಬರ್ಲು ತಿಂದಿದೀಯಾ? ಗೆರೆ ಮೂರು ದಿನ ಇರತ್ತೆ.

ಲಕ್ಕಿಬರ್ಲು
ಹುಣಸೆ ನಿಮ್ ಕಡೆ ಎಲ್ಲಿ ಬೆಳೆಯತ್ತೋ, ಅಷ್ಟು ಮಳೇಲಿ? ಸುಮ್ನೆ ಬಿಡ್ಬೇಡ.

ತೀರ್ಥಳ್ಳಿ_ತಮ್ಮ
ಶಾಲೆ ಪಕ್ಕ ಒಂದಿತ್ತು ಕಣೋ, ಮೇಷ್ಟ್ರು ಅದನ್ನ ಮಕ್ಕಳಿಗಿಂತ ಚೆನ್ನಾಗಿ ನೋಡ್ಕೊಳ್ತಿದ್ರು.

ಮಳೆಹುಳ
ಅಲ್ಲಿ ಒಂದು ಮಗು ಬೆಲ್ಟಲ್ಲಿ ಹೊಡೆಸ್ಕೊಳ್ತಿದೆ, ಇಲ್ಲಿ ಇಬ್ರು ಯಾವ ಬರ್ಲು ಚಂದ ಅಂತ ಜಗಳ ಆಡ್ತಿದೀರಿ. ಗಂಡಸರಿಗೆ ಏಟಿನ ಕತೆ ಅಂದ್ರೆ ಮಿಲಿಟ್ರಿಗೆ ಹೋಗಿ ಬಂದ ಹಂಗೆ.

ಕಪ್ಪುಕೋಟು
ಇಲ್ಲೇ ಶಿವಮೊಗ್ಗದಲ್ಲಿ ಪ್ರಾಕ್ಟೀಸ್ ಮಾಡ್ತೀನಿ. "ಅವ್ರ ಮಗ, ಅವ್ರ ಮನೆ" ಅಂತ ಕಾನೂನು ಹೇಳಲ್ಲ. ಜುವೆನೈಲ್ ಜಸ್ಟಿಸ್ ಕಾಯ್ದೆ 2015, ಸೆಕ್ಷನ್ 75. ಮಗು ಯಾರ ಸುಪರ್ದಿಲಿ ಇದೆಯೋ ಅವ್ರೇ ಅದಕ್ಕೆ ಹೊಡೆದು ಬಡಿದು ದೇಹಕ್ಕೋ ಮನಸ್ಸಿಗೋ ಅನಗತ್ಯ ನೋವು ಕೊಟ್ರೆ ಮೂರು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷ ದಂಡ, ಇಲ್ಲ ಎರಡೂ. ಅಪ್ಪ ಅಮ್ಮ ಬಿಟ್ಟು ಅಂತ ಅದ್ರಲ್ಲಿ ಬರೆದಿಲ್ಲ. ಮನಸ್ಸಿಗೆ ಅನ್ನೋ ಮಾತನ್ನ ಎರಡು ಸಲ ಓದ್ಕೊಳಿ. "ವೇಯ್ಟಿಂಗ್ ಲಿಸ್ಟು" ಅದ್ರೊಳಗೆ ಬರ್ಬಹುದು.

ಉಂಬಳ
ವಕೀಲ್ರೇ, ಮಗುವಿನ ಒಳ್ಳೇದಕ್ಕೆ ಹೊಡೆದ್ರೆ ತಪ್ಪಲ್ಲ ಅಂತಾನೂ ಒಂದು ಸೆಕ್ಷನ್ ಇದ್ಯಲ್ಲ, ಅದನ್ನ ಯಾಕೆ ಮುಚ್ಚಿಟ್ರಿ?

ಕಪ್ಪುಕೋಟು
ಮುಚ್ಚಿಡೋಕೆ ಎಂತ ಇದೆ. ಐಪಿಸಿ 89 ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ್ಮೇಲೆ ಅದೇ ಸೆಕ್ಷನ್ 27. ಹನ್ನೆರಡು ವರ್ಷದ ಒಳಗಿನ ಮಗುವಿಗೆ ಸದುದ್ದೇಶದಿಂದ, ಅದರ ಹಿತಕ್ಕೆ ಪೋಷಕರು ಮಾಡಿದ ಕೆಲಸಕ್ಕೆ ರಕ್ಷಣೆ ಇದೆ, ಹೌದು. ಆದ್ರೆ ತೀವ್ರ ಗಾಯ ಮಾಡೋದಕ್ಕೆ ಅದು ಪರ್ಮಿಟ್ ಅಲ್ಲ. ಆರನೇ ಕ್ಲಾಸು ಅಂದ್ರೆ ಹನ್ನೊಂದು ಹನ್ನೆರಡು. ಹುಟ್ಟಿದ ಹಬ್ಬ ಆದ ಮಾರನೇ ದಿನದಿಂದ ಆ ಸೆಕ್ಷನ್ನೂ ಕೈ ಹಿಡಿಯಲ್ಲ. ಶಾಲೇಲಾದ್ರೆ ಕತೇನೇ ಬೇರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಸೆಕ್ಷನ್ 17ರಲ್ಲಿ ಹೊಡೆಯೋದು, ಮಾನಸಿಕ ಹಿಂಸೆ ಎರಡಕ್ಕೂ ಖಡಾಖಂಡಿತ ನಿಷೇಧ. ಮನೆಗೆ ಅಷ್ಟು ನೇರವಾದ ಕಾನೂನು ನಮ್ಮಲ್ಲಿಲ್ಲ. ಮೇಷ್ಟ್ರು ಹೊಡೆದ್ರೆ ಅಪ್ಪ ಸ್ಟೇಷನ್‌ಗೆ ಬರ್ತಾನೆ, ಅದೇ ಅಪ್ಪ ಮನೇಲಿ ಬೆಲ್ಟ್ ಬಿಚ್ತಾನೆ.

ನಿವೃತ್ತ_ಮೇಷ್ಟ್ರು
ಮೂವತ್ತೊಂದು ವರ್ಷ ಹೊಸನಗರ, ಸಾಗರ ಕಡೆ ಪ್ರೈಮರಿ ಶಾಲೆಗಳಲ್ಲಿ ಇದ್ದೆ. ಹೊಡೆದಿದ್ದೇನೆ. ಆಗ ತಂದೆ ತಾಯಿಯೇ ಕರ್ಕೊಂಡು ಬಂದು "ಕಣ್ಣೆರಡು ಬಿಟ್ಟು ಬೇರೆ ಎಲ್ಲಿ ಬೇಕಾದ್ರೂ ಹೊಡೀರಿ ಸಾರ್, ಬುದ್ಧಿ ಬರ್ಲಿ" ಅಂತ ಒಪ್ಪಿಸಿ ಹೋಗ್ತಿದ್ರು. ಆ ಮಾತು ಹೇಳುವಾಗ ಹುಡುಗ ಪಕ್ಕದಲ್ಲೇ ನಿಂತಿರ್ತಿದ್ದ.

ಭದ್ರಾವತಿಯವರು ನಾನು ಸರಿಯಾಗೇ ಇದೀನಿ ಅಂದರು. ನನಗೂ ಸಾಗರ ಬಸ್ ಸ್ಟ್ಯಾಂಡಿನಲ್ಲಿ ಹಳೆ ಹುಡುಗರು ಸಿಕ್ಕಿ ಕಾಲಿಗೆ ಬಿದ್ದು "ನಿಮ್ಮ ಏಟಿನಿಂದಲೇ ಉದ್ಧಾರ ಆದ್ವಿ ಸಾರ್" ಅಂತಾರೆ. ಬಹಳ ವರ್ಷ ಅದನ್ನು ನಂಬಿಕೊಂಡೇ ಇದ್ದೆ. ಒಂದಿನ ಮಾರಿಕಾಂಬಾ ಜಾತ್ರೆಯಲ್ಲಿ ಒಬ್ಬ ಹಳೆ ವಿದ್ಯಾರ್ಥಿ ನನ್ನ ನೋಡಿದ ಕೂಡಲೇ ಮಗಳ ಕೈ ಹಿಡ್ಕೊಂಡು ಬಳೆ ಅಂಗಡಿ ಸಾಲಿನ ಹಿಂದೆ ಹೋಗಿಬಿಟ್ಟ. ನಾನು ಕರೆದೆ, ಕೇಳಿಸಲಿಲ್ಲ ಅನ್ನೋ ಹಾಗೆ ಹೋದ. ಕಾಲಿಗೆ ಬೀಳೋರು ಎದುರಿಗೆ ಸಿಗ್ತಾರೆ, ಹೀಗೆ ಅಂಗಡಿ ಹಿಂದೆ ಹೋಗೋರು ಎಷ್ಟು ಜನ ಅಂತ ಲೆಕ್ಕ ಇಟ್ಟವರಾರು?

ಭದ್ರಾವತಿ_ಹುಡ್ಗ
ಸಾರ್ 🙏 ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಆದ್ರೂ ಒಂದೆರಡು ಏಟಿಗೂ ಬೆಲ್ಟಿಗೂ ವ್ಯತ್ಯಾಸ ಇದೆ ಅಂತ ನನ್ನ ಅಭಿಪ್ರಾಯ.

ಶಾಸ್ತ್ರಿ_ಮಾಣಿ
ಐದು ವರ್ಷ ಲಾಲಿಸು, ಹತ್ತು ವರ್ಷ ತಾಡಿಸು ಅಂತ ನಮ್ಮ ಹಿರಿಯರೇ ಹೇಳಿಲ್ವಾ? ಸುಮ್ನೆ ಹೇಳ್ತಾರಾ?

ಮಳೆಹುಳ
ಅದೇ ಶ್ಲೋಕದಲ್ಲಿ ಹದಿನಾರಾದ್ಮೇಲೆ ಗೆಳೆಯನ ಹಾಗೆ ನೋಡು ಅಂತಾನೂ ಇದೆ. ಆ ಸಾಲು ಮಾತ್ರ ಯಾರಿಗೂ ನೆನಪಿರಲ್ಲ, ಹದಿನಾರು ಆದ್ಮೇಲೆ ಮದುವೆ, ಸಂಬಳ, ಜಾತಕ ಎಲ್ಲಾನೂ ಅವ್ರೇ ಹೇಳಿದಂಗೇ ಆಗ್ಬೇಕು.

ಒಂಟಿಮನೆ
ಇದನ್ನ ಬರೀಬೇಕೋ ಬೇಡ್ವೋ ಅಂತ ಮಧ್ಯಾಹ್ನದಿಂದ ನೋಡ್ತಾ ಇದೀನಿ.

ನಮ್ಮನೆ ಹೊಸನಗರ ತಾಲೂಕಿನ ನಗರ ಅನ್ನೋ ಊರಿನ ಹತ್ರ, ಕಾಡಿನ ಮಧ್ಯ. ಈ ಕಡೆ ಮನೆಗಳು ಗೊತ್ತಲ್ಲ, ತೋಟ ಇದ್ದಲ್ಲಿ ಮನೆ, ಪಕ್ಕದ ಮನೆ ಅಂದ್ರೆ ಗದ್ದೆ ದಾಟಿ ಗುಡ್ಡ ಹತ್ತಿ ಅರ್ಧ ಮೈಲಿ. ಮಹಡಿಮನೆಯವರಿಗಾದ್ರೆ ಟಿವಿ ಸೌಂಡ್ ಜಾಸ್ತಿ ಆದ್ರೂ ಗೊತ್ತಾಗತ್ತೆ. ನಮ್ಮಲ್ಲಿ ಟಿವಿ ಬೇಕಾಗಿರಲಿಲ್ಲ, ಹಂಚಿನ ಮೇಲೆ ಆಷಾಢದ ಮಳೆ ಬೀಳೋವಾಗ ಜಗಲಿಲಿ ಕೂತೋರಿಗೆ ಒಳಗಿನ ಮಾತು ಕೇಳಲ್ಲ. ನಾಯಿ ಮಾತ್ರ ಬೊಗಳ್ತಿತ್ತು, ಅದಕ್ಕೂ ಒಂದು ಬೀಳ್ತಿತ್ತು.

ಅಪ್ಪಯ್ಯನ ಹೊಡೆತ ನಂಗೆ ಈಗ ಅಷ್ಟು ನೆನಪಿಲ್ಲ, ಸುಳ್ಳಲ್ಲ. ನೆನಪಿರೋದು ಮಾತು ಬಿಡ್ತಿದ್ದಿದ್ದು. ಏಳನೇ ಕ್ಲಾಸಲ್ಲಿ ನಾನು ಅಡಿಕೆ ಚೀಲದ ಲೆಕ್ಕ ತಪ್ಪು ಬರ್ದೆ. ಹೊಡೀಲಿಲ್ಲ. ಇಪ್ಪತ್ತೆರಡು ದಿನ ನನ್ನ ಹತ್ರ ಮಾತಾಡಲಿಲ್ಲ. ಒಂದೇ ಪಂಕ್ತೀಲಿ ಊಟಕ್ಕೆ ಕೂರ್ತಿದ್ವಿ, ನಾನು ನೀರು ಕೊಟ್ರೆ ಮುಟ್ತಿರಲಿಲ್ಲ, ಅಮ್ಮ ಬೇರೆ ಲೋಟದಲ್ಲಿ ತಂದ್ಕೊಡ್ಬೇಕು. ಅಡಿಕೆ ಕೊನೆ ಕೊಯ್ಯೋಕೆ ಬಂದ ಆಳುಗಳ ಹತ್ರ ನಗ್ತಾ ಮಾತಾಡ್ತಿದ್ರು, ನಾನು ಹೋದ್ರೆ ಆ ನಗು ನಿಂತ್ಹೋಗ್ತಿತ್ತು. ಹತ್ತನೇ ದಿನಾನೋ ಏನೋ ನಾನೇ ಹೋಗಿ ಹೊಡೀರಿ ಅಪ್ಪಯ್ಯ ಅಂತ ಕೈ ಚಾಚಿ ನಿಂತೆ. ಎದ್ದು ತೋಟಕ್ಕೆ ಹೋದ್ರು.

ಇಪ್ಪತ್ಮೂರನೇ ದಿನ "ಎಮ್ಮೆ ಹೊಡ್ಕೊಂಡು ಬಾ" ಅಂದ್ರು. ಅಷ್ಟೇ. ಖುಷಿಗೆ ಗುಡ್ಡದ ತುದಿವರೆಗೂ ಓಡಿದ್ದೆ. ಆ ಖುಷಿ ನೆನೆಸ್ಕೊಂಡ್ರೆ ಈಗ ಮೈ ಉರಿಯತ್ತೆ.

ಈಗ ನಂಗೆ ನಲವತ್ತಾರು. ಹೆಂಡತಿ ಜೊತೆ ಸಣ್ಣ ಜಗಳ ಆದ್ರೂ ನಾನೂ ಮಾತು ಬಿಡ್ತೀನಿ. ಅವ್ಳು ಒಂದಿನ ಕ್ಯಾಲೆಂಡರ್ ತೋರ್ಸಿ ಕೇಳಿದ್ಳು, ಈ ಸಲ ಎಷ್ಟು ದಿನ ಅಂತ ಹೇಳ್ಬಿಡಿ, ನಾನು ತವರಿಗೆ ಹೋಗಿ ಬರ್ತೀನಿ ಅಂತ.

ಲಕ್ಕಿಬರ್ಲು
ನನ್ನ ಮೇಲಿನ ಜೋಕ್ ಡಿಲೀಟ್ ಮಾಡೋಣ ಅಂತಿದ್ದೆ, ಇರ್ಲಿ ಬಿಡಿ. ಅಣ್ಣಾ, ಓದಿ ಸುಮ್ನೆ ಕೂತ್ಬಿಟ್ಟೆ.

ಸೊರಬದಾಕೆ
ನಮ್ಮನೇಲೂ ಇದೇ. ಹೊಡೆತ ಅಣ್ಣಂಗೆ, ಮಾತು ನಂಗೆ. "ಇವಳ ಬಣ್ಣಕ್ಕೆ ಎಷ್ಟು ಸುರೀಬೇಕೋ" ಅಂತ ಅಮ್ಮ ಎಂಟನೇ ಕ್ಲಾಸಿಂದ ಶುರು ಮಾಡಿದ್ದು. ಯಾರಾದ್ರೂ ಇದನ್ನ ಹಿಂಸೆ ಅಂತಾರಾ? ಹೆಣ್ಣು ಹೆತ್ತೋರ ಚಿಂತೆ ಅಂತಾರೆ.

ಡಾಟಾ_ಭಟ್
ಸ್ವಲ್ಪ ಅಂಕಿ ಅಂಶ. ಕೇಂದ್ರ ಮಹಿಳಾ ಮತ್ತು ಮಕ್ಕಳ ಇಲಾಖೆ 2007ರಲ್ಲಿ ಮಾಡಿಸಿದ ಅಧ್ಯಯನದಲ್ಲಿ 12,447 ಮಕ್ಕಳನ್ನ ಕೇಳಿದ್ರು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದೋರು. ಮನೆಯೊಳಗೆ ಪೆಟ್ಟು ತಿಂದ ಮಕ್ಕಳಲ್ಲಿ ಶೇ. 88.6ರಷ್ಟು ಮಂದಿಗೆ ಹೊಡೆದಿದ್ದು ಅಪ್ಪ ಅಮ್ಮಾನೇ. ನಮ್ಮ ರಾಜ್ಯದಲ್ಲೂ ಹೀಗಿದೆ ಪರಿಸ್ಥಿತಿ.

ಕಪ್ಪುಕೋಟು
ಭಟ್ರೇ ಅಂಕಿ ಸರಿ, ಕೊನೇ ವಾಕ್ಯ ತಪ್ಪು. ಆ ಅಧ್ಯಯನ ಆಗಿದ್ದು 13 ರಾಜ್ಯಗಳಲ್ಲಿ, ಕರ್ನಾಟಕ ಅದ್ರಲ್ಲಿ ಇರಲಿಲ್ಲ. ಕೇರಳ, ಆಂಧ್ರ, ಗೋವಾ, ಮಹಾರಾಷ್ಟ್ರ ಇತ್ತು.

ಡಾಟಾ_ಭಟ್
ಓಹ್ ಹೌದು. ಸುತ್ತಮುತ್ತ ಎಲ್ಲಾ ಇದ್ದು ನಾವೊಬ್ರೇ ದೇವರಂಥೋರು ಅಂತೂ ಇರಲ್ಲ ಬಿಡಿ. ಇನ್ನೊಂದು, 2016ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 75 ಅಧ್ಯಯನ, ಒಟ್ಟು 1,60,927 ಮಕ್ಕಳ ಮಾಹಿತಿ ಒಟ್ಟಿಗೆ ಹಾಕಿ ನೋಡಿದ್ರು. ಅದೂ ಬೆಲ್ಟಿನ ಹೊಡೆತ ಅಲ್ಲ, ಬರೀ ಕೈಯಲ್ಲಿ ಕುಂಡೆಗೆ ಹೊಡೆಯೋದು. ಆ ಏಟು ಜಾಸ್ತಿ ಇದ್ದ ಕಡೆ ಮಕ್ಕಳಲ್ಲಿ ಹಟ, ಜಗಳಗಂಟತನ, ಮನಸ್ಸಿನ ತೊಂದರೆನೂ ಜಾಸ್ತಿ. ಮಾತು ಕೇಳೋದು ಜಾಸ್ತಿ ಆಗಿದ್ದು ಕಾಣಲಿಲ್ಲ. @ಭದ್ರಾವತಿ_ಹುಡ್ಗ ಅವರ ಒಂದೆರಡು ಏಟಿಗೆ ಇದು ಉತ್ತರ.

ಉಂಬಳ
ಅಮೆರಿಕದ ಲೆಕ್ಕ ನಮಗೆ ಹೇಳ್ಬೇಡಿ. ಅವ್ರಿಗೆ ಎಲೆಚುಕ್ಕಿ ರೋಗ ಗೊತ್ತಾ? ಎರಡು ಎಕರೆ ತೋಟದ ಸೋಗೆ ಕಣ್ಣೆದುರೇ ಒಣಗ್ತಿದೆ, ಔಷಧಿ ಹೊಡೆಸೋಕೆ ದುಡ್ಡಿಲ್ಲ, ಸೊಸೈಟಿ ಸಾಲ, ಮಗ ಒಬ್ಬ ಓದಿ ಮುಂದೆ ಬಂದ್ರೆ ಸಾಕು ಅಂತ ಅಪ್ಪ ಅನ್ನೋನು ಎಷ್ಟು ಒದ್ದಾಡ್ತಾನೆ ಅಂತ ಒಬ್ರಾದ್ರೂ ಬರೆದ್ರಾ? ಎಲ್ಲಾ ಮಗಂದೇ ಕತೆ.

ಮಳೆಹುಳ
ರೋಗ ಬಂದಿದ್ದು ಅಡಿಕೆ ಮರಕ್ಕೆ, ಔಷಧಿ ಹುಡುಗಂಗೆ ಹೊಡೆಯೋದಾ?

ಉಂಬಳ
ಡೈಲಾಗ್ ಹೊಡೆಯೋದು ಸುಲಭ ಅಕ್ಕ.

ನಿವೃತ್ತ_ಮೇಷ್ಟ್ರು
ಉಂಬಳ ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಕೊಳೆರೋಗ ಜೋರಾಗಿ ಬಂದ ವರ್ಷ ಶಾಲೆಗೆ ಬರೋ ಮಕ್ಕಳ ಕಾಲು ನೋಡಿದರೆ ಗೊತ್ತಾಗುತ್ತಿತ್ತು ನನಗೆ. ಅಡಿಕೆಗೆ ರೇಟು ಬಂದ ವರ್ಷವೂ ಒಂದಿಬ್ಬರ ಕಾಲಲ್ಲಿ ಗೆರೆ ಇರುತ್ತಿತ್ತು, ಅದೇ ನನಗೆ ಅರ್ಥ ಆಗದೇ ಹೋದದ್ದು.

ಎರಡನೇ_ಶಿಫ್ಟು
ನಾನು ಹೊಡೆಯೋಳು. ಎಲ್ರೂ ಹೊಡೆಸ್ಕೊಂಡೋರ ಕತೆ ಹೇಳ್ತಿದೀರಲ್ಲ, ಅದಕ್ಕೆ ಬರೀತಿದೀನಿ, ಬೈಯೋದಾದ್ರೆ ಬೈರಿ.

ಗಾರ್ಮೆಂಟ್ಸಲ್ಲಿ ಕೆಲ್ಸ. ಗಂಡ ಇಲ್ಲ. ಮಗಳು ನಾಲ್ಕನೇ ಕ್ಲಾಸು. ದಿನಾ ಟಾರ್ಗೆಟ್ ಟಾರ್ಗೆಟ್ ಅಂತ ಸೂಪರ್‌ವೈಸರ್ ಹತ್ರ ಬೈಸ್ಕೊಂಡು ಬಸ್ಸಲ್ಲಿ ನಿಂತ್ಕೊಂಡು ಮನೆಗೆ ಬರೋಷ್ಟ್ರಲ್ಲಿ ಏಳು ಗಂಟೆ, ಬಂದ್ರೆ ಪಾತ್ರೆ ಹಂಗೇ ಇರತ್ತೆ, ಯೂನಿಫಾರ್ಮ್ ಕೆಸರು, ಹೋಂವರ್ಕ್ ಆಗಿರಲ್ಲ, ಕೈ ಎತ್ತಿ ಬಿಟ್ಟಿರ್ತೀನಿ, ಎತ್ತಿದ್ಮೇಲೇ ಎತ್ತಿದೀನಿ ಅಂತ ಗೊತ್ತಾಗೋದು. ಆಮೇಲೆ ಅವ್ಳು ಮಲಗಿದ್ಮೇಲೆ ಎಣ್ಣೆ ಹಚ್ತೀನಿ.

ಹೋದ ತಿಂಗಳು ಅವ್ಳ ಟೀಚರ್ ಕರೆಸಿದ್ರು. ಪಕ್ಕದ ಮನೆ ಹುಡುಗಿ ಇವ್ಳನ್ನ ಸಂಜೆ ಆಟಕ್ಕೆ ಕರೆದಾಗ ಇವ್ಳು ಹೇಳಿದ್ಳಂತೆ, "ಸಂಬಳ ಆದ ವಾರ ಬರ್ತೀನಿ, ಆ ವಾರ ಅಮ್ಮ ಹೊಡೆಯಲ್ಲ, ತಿಂಗಳ ಕೊನೇಲಿ ಓಟಿ ಇದ್ದಾಗ ಹೊಡೀತಾರೆ" ಅಂತ. ಒಂಬತ್ತು ವರ್ಷದ್ದು ನನ್ನ ಟೈಮ್‌ಟೇಬಲ್ ಹಾಕಿ ಇಟ್ಕೊಂಡಿದೆ. ನಂಗೇ ಗೊತ್ತಿರಲಿಲ್ಲ ಅದು. ಲೆಕ್ಕ ಹಾಕಿ ನೋಡ್ದೆ, ಸರಿಯಾಗೇ ಹೇಳಿದಾಳೆ.

ಒಂಟಿಮನೆ
ಅಕ್ಕ, ಬೈಯಲ್ಲ. ನಮ್ಮಪ್ಪಯ್ಯ ಇಷ್ಟು ಒಂದಿನ ಬಾಯ್ಬಿಟ್ಟು ಹೇಳಿದ್ರೆ ಸಾಕಿತ್ತು ಅನ್ಸತ್ತೆ.

ಸೊರಬದಾಕೆ
@ಎರಡನೇ_ಶಿಫ್ಟು ನಾನು ಮಾಡೋದು ಹೇಳ್ತೀನಿ, ಕೆಲಸಕ್ಕೆ ಬಂದ್ರೆ ನೋಡಿ. ಮನೆಗೆ ಬಂದ ತಕ್ಷಣ ಒಳಗೆ ಹೋಗಲ್ಲ. ಹೊರಗೆ ನಲ್ಲಿಲಿ ಕಾಲು ತೊಳ್ಕೊಂಡು ಅಲ್ಲೇ ಮೆಟ್ಲ ಮೇಲೆ ಹತ್ತು ನಿಮಿಷ ಕೂರ್ತೀನಿ, ಮಕ್ಕಳಿಗೂ ಹೇಳಿದೀನಿ ಅಮ್ಮ ಮೆಟ್ಲ ಮೇಲೆ ಇದ್ರೆ ಮಾತಾಡಿಸ್ಬೇಡಿ ಅಂತ. ಪಾತ್ರೆ ಇದ್ರೆ ಇರ್ಲಿ. ದಿನಾ ಆಗಲ್ಲ, ಆದ ದಿನ ಆಗತ್ತೆ. 14416 ಅಂತ ಟೆಲಿಮಾನಸ್ ನಂಬರ್ ಇದೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಿಲ್ಲ. ನಾನೊಂದ್ಸಲ ಮಾಡಿದೀನಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋದ್ರೂ ಮನೋವೈದ್ಯರು ಇದಾರೆ.

ಎರಡನೇ_ಶಿಫ್ಟು
ಮೆಟ್ಲು ಇಲ್ಲ ನಮ್ಮನೇಗೆ 😅 ನಲ್ಲಿ ಕಟ್ಟೆ ಇದೆ. ನೋಡ್ತೀನಿ.

ಹಳೇ_ಸಹಾಯವಾಣಿ
ಮಹಡಿಮನೆಯವರಿಗೆ. ನಾನು ಕೆಲವು ವರ್ಷ ಮಕ್ಕಳ ಸಹಾಯವಾಣಿಲಿ ಕೆಲಸ ಮಾಡಿದೀನಿ, ಈಗ ಇಲ್ಲ. ಹತ್ತು ಒಂಬತ್ತು ಎಂಟು, 1098. 24 ಗಂಟೆನೂ ಇರತ್ತೆ, ಫ್ರೀ. ಮೊದಲು ಸಂಸ್ಥೆಗಳು ನಡೆಸ್ತಿದ್ವು, 2023ರಿಂದ ಸರ್ಕಾರಾನೇ ನಡೆಸ್ತಿದೆ, 112ಕ್ಕೆ ಸೇರಿಸಿದಾರೆ. ಯಾರು ಬೇಕಾದ್ರೂ ಮಾಡ್ಬಹುದು, ನಿಮ್ಮ ಹೆಸರು ಹೇಳಲೇಬೇಕು ಅಂತಿಲ್ಲ, ಹೇಳಿದ್ರೂ ಅವ್ರು ಆ ಮನೆಯವರಿಗೆ ಹೇಳಲ್ಲ.

ಜನ ಹೆದರೋದು ಎಂತಕ್ಕೆ ಅಂದ್ರೆ ಫೋನ್ ಮಾಡಿದ ಕೂಡಲೇ ಪೊಲೀಸ್ ಜೀಪ್ ಬಂದು ಅಪ್ಪನ್ನ ಎಳ್ಕೊಂಡು ಹೋಗ್ತಾರೆ, ಮಗೂನ ಹಾಸ್ಟೆಲ್ಲಿಗೆ ಹಾಕ್ತಾರೆ ಅಂತ. ಹಂಗಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಬಂದು ಮಗು ಹತ್ರ, ಮನೆಯವ್ರ ಹತ್ರ ಮಾತಾಡ್ತಾರೆ. ಬೇಕಂದ್ರೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆಸ್ತಾರೆ, ಒಬ್ರು ಅಧ್ಯಕ್ಷರು ನಾಲ್ಕು ಜನ ಸದಸ್ಯರು ಇರ್ತಾರೆ. ಆದಷ್ಟೂ ಮಗು ಮನೇಲೇ ಇರೋ ಹಂಗೆ ನೋಡ್ತಾರೆ, ಅಪ್ಪ ಅಮ್ಮಂಗೆ ಕೌನ್ಸೆಲಿಂಗ್. ತುಂಬಾ ಕೆಟ್ಟ ಕೇಸಲ್ಲಿ ಮಾತ್ರ ಬೇರೆ ಕಡೆ ಇಡೋದು.

ಆದ್ರೆ ಸುಳ್ಳು ಹೇಳಲ್ಲ. ಕಚೇರಿಯವರು ಹೆಸರು ಹೇಳದಿದ್ರೂ, ಮೇಲ್ಗಡೆ ಒಂದೇ ಮನೆ ಇದ್ರೆ ಅವ್ರಿಗೆ ಗೊತ್ತಾಗತ್ತೆ.

ತೀರ್ಥಳ್ಳಿ_ತಮ್ಮ
ನಮ್ ಪಂಚಾಯ್ತಿಲಿ ಮಕ್ಕಳ ಗ್ರಾಮಸಭೆ ಅಂತ ವರ್ಷಕ್ಕೊಂದ್ಸಲ ಮಾಡ್ತಾರೆ. ಹೋದ್ಸಲ ಒಂದು ಹುಡುಗಿ ಎದ್ದು ನಿಂತು ನಮ್ಮಪ್ಪ ಕುಡಿದು ಬಂದು ಪುಸ್ತಕ ಒಲೆಗೆ ಹಾಕ್ತಾರೆ ಅಂದ್ಳು. ಅಧ್ಯಕ್ಷರು ರಸ್ತೆ ಲೈಟಿನ ವಿಷ್ಯ ಇದ್ರೆ ಹೇಳಮ್ಮ ಅಂದ್ರು.

ಡಾಟಾ_ಭಟ್
ಸ್ವೀಡನ್‌ನಲ್ಲಿ 1979ರಲ್ಲೇ ಮನೇಲಿ ಹೊಡೆಯೋದನ್ನೂ ನಿಷೇಧ ಮಾಡಿದ್ರು, ಪ್ರಪಂಚದಲ್ಲೇ ಮೊದಲು. ಜನಕ್ಕೆ ತಿಳೀಲಿ ಅಂತ ಹಾಲಿನ ಪ್ಯಾಕೆಟ್ ಮೇಲೆ ಪ್ರಿಂಟ್ ಹಾಕ್ಸಿದ್ರು. ನಮ್ಮ ಪಕ್ಕದ ನೇಪಾಳ 2018ರಲ್ಲಿ ಮಾಡ್ತು.

ಲಕ್ಕಿಬರ್ಲು
ಶಿಮುಲ್‌ನವ್ರಿಗೆ ಹೇಳ್ರಪ್ಪ ಯಾರಾದ್ರೂ. ನೀಲಿ ಪ್ಯಾಕೆಟ್ ಮೇಲೆ "ಕಾಯಿಸಿ ಕುಡಿಯಿರಿ, ಮಕ್ಕಳನ್ನು ಹೊಡೆಯಬೇಡಿ".

ಉಂಬಳ
ಇದೊಂದು ಒಪ್ಕೊಳ್ತೀನಿ 😂

ಮಹಡಿಮನೆ
ಇಷ್ಟೊಂದು ಜನ ಬರೀತೀರಿ ಅಂದ್ಕೊಂಡಿರಲಿಲ್ಲ. ನಾನು ಒಂದು ಉಪಾಯ ಮಾಡ್ದೆ. ಆ ಹುಡುಗ ಚಿತ್ರ ಚೆನ್ನಾಗಿ ಬಿಡಿಸ್ತಾನೆ. ನನ್ನ ಮಗಳಿಗೆ ಚಿತ್ರ ಹೇಳ್ಕೊಡೋಕೆ ಸಂಜೆ ಏಳು ಗಂಟೆಗೆ ಕಳಿಸ್ತೀರಾ ಅಂತ ಅವ್ರಮ್ಮನ್ನ ಕೇಳ್ದೆ. ಬೇಕಂತಾನೇ ಏಳು ಗಂಟೆ ಅಂದೆ. ಅವ್ರು ನನ್ನ ಮುಖ ನೋಡಿದ್ರು. ಗೊತ್ತಾಯ್ತು ಅವ್ರಿಗೆ. ಮೂರು ದಿನ ಕಳಿಸಿದ್ರು. ನಾಲ್ಕನೇ ದಿನ ಅಪ್ಪ ಮೇಲೆ ಬಂದು ಬಾಗ್ಲಲ್ಲೇ ನಿಂತು ತುಂಬಾ ಮರ್ಯಾದೆಯಿಂದ, "ಮೇಡಂ ಇವ್ನು ಅವ್ನದೇ ನೆಟ್ಟಗೆ ಕಲ್ತಿಲ್ಲ, ಬೇರೆಯವ್ರಿಗೆ ಏನ್ ಹೇಳ್ಕೊಡ್ತಾನೆ" ಅಂದ್ರು. ಹುಡುಗ ಬಣ್ಣದ ಡಬ್ಬಿ ಮುಚ್ಚಿಟ್ಟು ಎದ್ದು ಹೋದ.

ಮಳೆಹುಳ
ಅಮ್ಮ ಅವತ್ತು ಸುಮ್ನೆ ಇದ್ರಾ?

ಮಹಡಿಮನೆ
ಅವ್ರಿಗೂ ಬೀಳತ್ತೆ ಅಂತ ನಂಗೆ ಅನುಮಾನ.

ಅಡ್ಮಿನ್
ಮಹಡಿಮನೆಯವರು ಮನೆಯ ಕ್ರಾಸ್ ನಂಬರ್ ಹಾಕಿದ್ದ ಒಂದು ಪೋಸ್ಟ್ ತೆಗೆದಿದ್ದೇನೆ. ಮಗುವಿನ ಗುರುತು ಸಿಗುವಂಥದ್ದು ಯಾರೂ ಹಾಕಬೇಡಿ. "ಬರ್ತೀವಿ, ಅಪ್ಪನಿಗೆ ನಾಲ್ಕು ಕೊಡ್ತೀವಿ" ಅಂದವರ ಎರಡು ಪೋಸ್ಟೂ ಹೋಗಿವೆ.

ಭದ್ರಾವತಿ_ಹುಡ್ಗ
ಅದ್ರಲ್ಲೊಂದು ನಂದು. ಹೊಡೆಯೋದು ತಪ್ಪು ಅಂತ ಹೇಳೋಕೆ ಹೊಡೆಯೋಕೆ ಹೊರಟಿದ್ದೆ, ಬಿಡಿ.

ಮಹಡಿಮನೆ
(ಹನ್ನೆರಡು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ)

ಹೋದ ಮಂಗಳವಾರ ರಾತ್ರಿ ಜೋರು ಮಳೆ, ಮಾರನೇ ದಿನ ಶಾಲೆಗೆ ರಜಾ ಅಂತ ಡೀಸಿ ಆರ್ಡರ್ ಬಂದಿತ್ತು. ಹತ್ತು ಗಂಟೆ ಇರ್ಬಹುದು, ಕರೆಂಟ್ ಹೋಯ್ತು. ಟಿವಿ ನಿಂತ್ಹೋಯ್ತು. ಹೊಡೆತದ ಸದ್ದು ನಿಲ್ಲಲಿಲ್ಲ. ಅಷ್ಟು ದಿನ ಟಿವಿ ಅಡ್ಡ ಇತ್ತಲ್ಲ, ಅವತ್ತು ಒಂದೊಂದೂ ಕೇಳಿಸ್ತು. ಅಕ್ಕಪಕ್ಕದ ಮೂರು ಮನೆಗೂ ಕೇಳ್ಸಿರತ್ತೆ, ಬೀದೀಲಿ ಎಲ್ರೂ ಮೇಣದಬತ್ತಿ ಹಚ್ಕೊಂಡು ಸುಮ್ನೆ ಕೂತಿದ್ದು ಕಿಟಕೀಲಿ ಕಾಣ್ತಿತ್ತು. ಆಮೇಲೆ ಬಾಗಿಲು ತೆಗೆದು ಅವ್ನನ್ನ ಗೇಟ್ ಹತ್ರ ಬಿಟ್ಟು ಚಿಲಕ ಹಾಕ್ಕೊಂಡ್ರು. ಬನೀನಲ್ಲಿ ನಿಂತಿದ್ದ. ನಾನು ಇಳಿದು ಹೋಗಿ ಕರ್ಕೊಂಡು ಬಂದೆ. ನಮ್ಮೆಜಮಾನ್ರು ಬೇಡ ಅಂತಾರೇನೋ ಅಂದ್ಕೊಂಡೆ, ಅವ್ರೇ ಟವೆಲ್ ತಂದ್ರು. 1098ಕ್ಕೆ ಫೋನ್ ಮಾಡಿದ್ದೂ ಅವ್ರೇ.

ಬಂದ್ರು, ಮಾತಾಡಿದ್ರು. ಹುಡುಗನ ಬೆನ್ನು ನೋಡಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಸಮಿತಿ ಮುಂದೆ ಅಪ್ಪ ಅಮ್ಮ ಹೋಗಿದ್ರಂತೆ, ಇನ್ನೂ ಎರಡು ಸಲ ಹೋಗೋದಿದೆ. ಹುಡುಗ ಅಲ್ಲಿವರೆಗೆ ಶಿಕಾರಿಪುರದಲ್ಲಿ ಅಜ್ಜಿ ಮನೇಲಿದ್ದ, ಭಾನುವಾರ ವಾಪಸ್ ಬಂದ.

ನಮಗೆ ದೀಪಾವಳಿಯೊಳಗೆ ಖಾಲಿ ಮಾಡಿ ಅಂದಿದಾರೆ. ಜಗಳ ಏನಿಲ್ಲ, ಮಗಂಗೆ ಮೇಲೆ ಓದೋಕೆ ರೂಮ್ ಮಾಡ್ಬೇಕು ಅಂತ ಕಾರಣ.

ಹಳೇ_ಸಹಾಯವಾಣಿ
ನಿಮ್ಮೆಜಮಾನ್ರಿಗೆ ನಮಸ್ಕಾರ ಹೇಳಿ. ಫಾಲೋಅಪ್ ಬಿಡ್ಬೇಡಿ, ಕೇಸ್ ಯಾರು ನೋಡ್ತಿದಾರೆ ಅಂತ ತಿಳ್ಕೊಂಡು ತಿಂಗಳಿಗೊಂದ್ಸಲ ಕೇಳ್ತಿರಿ. ನೀವು ಮನೆ ಬಿಟ್ಟ ಮೇಲೆ ಕೇಳಿಸ್ಕೊಳೋಕೆ ಅಲ್ಲಿ ಯಾರೂ ಇರಲ್ಲ.

ಉಂಬಳ
ಹೊಡೆತ ನಿಂತಿದ್ಯಾ?

ಮಹಡಿಮನೆ
ಬಂದು ನಾಲ್ಕು ದಿನ ಆಯ್ತು, ಇಲ್ಲಿವರೆಗೆ ಇಲ್ಲ. ಟಿವಿನೂ ಹಾಕ್ತಿಲ್ಲ. ಹೆಸರು ಹಿಡಿದು ಕರೀತಿದಾರೆ, ಆದ್ರೆ ಕರೆಯೋಕೆ ಮುಂಚೆ ಒಂದು ಕ್ಷಣ ನಿಲ್ಸ್ತಾರೆ, ಬಾಯಿಗೆ ಬೇರೇದು ಬರತ್ತೆ ಅಂತ ಕಾಣತ್ತೆ.

ನಿನ್ನೆ ನೀರಿನ ಕ್ಯಾನ್ ಎತ್ಕೊಂಡು ಅವ್ನೇ ಮೇಲೆ ಬಂದ. "ಆಂಟಿ, ನೀವು ಮಾಡಿದ್ದು ಆ 1098ಗಾ? ನಮ್ಮ ಸ್ಕೂಲ್ ಗೋಡೆ ಮೇಲೆ ಬರ್ದಿದೆ" ಅಂದ. ಗೊತ್ತಿದ್ದೂ ನೀನ್ಯಾಕೆ ಮಾಡ್ಲಿಲ್ವೋ ಅಂದೆ. "ಫೋನು ಅಪ್ಪನ ಹತ್ರ ಇರತ್ತಲ್ಲ" ಅಂದ, ನಾನೇನೋ ದಡ್ಡ ಪ್ರಶ್ನೆ ಕೇಳಿದ ಹಂಗೆ.

ಒಂಟಿಮನೆ
…

ಸೊರಬದಾಕೆ
ಗೋಪಾಳದಲ್ಲಿ ನಮ್ಮ ಚಿಕ್ಕಿ ಮನೆ ಮಹಡಿ ಖಾಲಿ ಇದೆ, ಎರಡು ಬೆಡ್‌ರೂಮು, ಅಡ್ವಾನ್ಸ್ ಐವತ್ತು ಸಾವಿರ ಅಂತಾರೆ, ನಾನು ಹೇಳಿದ್ರೆ ಇಳಿಸ್ತಾರೆ. ಮೆಸೇಜ್ ಮಾಡಿ.

ಮಹಡಿಮನೆ
ಮಾಡ್ತೀನಿ. ಬೋರ್ ನೀರಾ ತುಂಗಾ ನೀರಾ?

ಸೊರಬದಾಕೆ
ಎರಡೂ ಇದೆ. ಬೇಸಿಗೇಲಿ ತುಂಗಾ ದಿನ ಬಿಟ್ಟು ದಿನ.